ಗೌರಕ್ಕನ ಶ್ರುತಿ ಮತ್ತು ಮೂರು ಸಾಫ್ಟ್‌ವೇರು

ಕೃಷ್ಣಪ್ರಸಾದನ ತಾಯಿ ಕಮಲಮ್ಮನವರು ವಿಶಾಖಪಟ್ಟಣದಲ್ಲಿ ಒಂದು ಕಣ್ಣಿನ ಪೊರೆ ತೆಗೆಸಿಕೊಂಡು, ಇನ್ನೊಂದು ಕಣ್ಣಿನ ವಿಷಯದಲ್ಲಿ ಮುಷ್ಕರ ಹೂಡಿದ್ದರು.

"ಒಂದು ಕಣ್ಣು ಸಾಕು ಕಣೋ. ದುರ್ಗಕ್ಕೆ ಟಿಕೆಟ್ ಮಾಡಿಸು. ಇಲ್ಲಿ ನಮ್ಮ ಮಾತೇ ಕಿವಿಗೆ ಬೀಳದೆ ಕಿವಿಗೂ ಪೊರೆ ಬರ್ತಾ ಇದೆ" ಎಂದು ಫೋನಿನಲ್ಲಿ ಗುಡುಗಿದ್ದರು.

ಅವರು ಇಳಿದುಕೊಂಡಿದ್ದು ಅದೇ ಊರಿನ ದುವ್ವಾಡದಲ್ಲಿ, ಮಗಳು ಹೇಮಾಕ್ಷಿಯ ಮನೆಯಲ್ಲಿ. ಹೇಮಾಕ್ಷಿ ಔಷಧ ತಯಾರಿಸುವ ಕಂಪನಿಯವಳು; ಡ್ಯೂಟಿಗೆ ಹೋದಳೆಂದರೆ ಅವಳ ಫೋನು ಗೇಟಿನಲ್ಲೇ ಉಳಿಯುತ್ತಿತ್ತು. ಹಗಲೆಲ್ಲ ಅಮ್ಮನಿಗೆ ಜೊತೆಯೆಂದರೆ ಪಕ್ಕದ ಮನೆಯ ಮಾಧವೀಲತಾ. ಅವರಿಗೆ ಕನ್ನಡ ಬಾರದು, ಇವರಿಗೆ ತೆಲುಗು ಬಾರದು.

ಅಮ್ಮನಿಗೆ ಬೇಕಾಗಿದ್ದುದು ಚಿತ್ರದುರ್ಗದ ತಮ್ಮ ಭಜನಾ ಮಂಡಳಿ. ಸುದ್ದಿ ತಿಳಿದ ಮಂಡಳಿಯ ಹೆಂಗಸರು ಗೌರಕ್ಕನನ್ನು ಮುಂದಿಟ್ಟುಕೊಂಡು ಹಾಡಿ, ಕೆಮ್ಮಿ, ನಡುವೆ ಒಬ್ಬರಿಗೊಬ್ಬರು ಬೈದುಕೊಂಡು ಎಲ್ಲವನ್ನೂ ರೆಕಾರ್ಡ್ ಮಾಡಿ ಅಮ್ಮನ ಮೊಬೈಲಿಗೆ ಕಳಿಸಿಯೂ ಬಿಟ್ಟರು. ಆದರೆ ಅಮ್ಮ ಬೆರಳಿಟ್ಟಲ್ಲೆಲ್ಲ ಯಾರಿಗೋ ವಿಡಿಯೋ ಕಾಲ್ ಹೋಗುತ್ತಿತ್ತು. ಅವರ ಕೈಗೆ ಪಳಗಿದ್ದು ಒಂದೇ ಯಂತ್ರ, ಊರಿನಿಂದ ಸೀರೆಯಲ್ಲಿ ಸುತ್ತಿ ತಂದಿದ್ದ ಸಿ.ಡಿ. ಪ್ಲೇಯರು. "ಅವರ ದನಿ ನನ್ನ ಡಬ್ಬಿಯಲ್ಲಿ ಕೇಳಿಸಿದರೆ ಇನ್ನೊಂದು ಕಣ್ಣನ್ನೂ ಡಾಕ್ಟರಿಗೆ ಕೊಡ್ತೀನಿ. ಇಲ್ಲಾಂದ್ರೆ ಸೋಮವಾರ ರೈಲು" ಎಂದು ರಾಜಿಯ ಷರತ್ತು ಹಾಕಿದರು.

ಕೃಷ್ಣಪ್ರಸಾದ ವಿಜಯವಾಡದ ಗವರ್ನರ್‌ಪೇಟೆಯಲ್ಲಿ ಬ್ಯಾಂಕ್ ಅಧಿಕಾರಿ. ಸಹೋದ್ಯೋಗಿ ನಂದೀಶನ ಹತ್ತಿರ ಸಿ.ಡಿ. ಬರೆಯುವ ಡ್ರೈವನ್ನು ಎರವಲು ತಂದ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕ ಒಂದು ಸಾಫ್ಟ್‌ವೇರಿನಲ್ಲಿ, ಹೇಮಾಕ್ಷಿ ಕಳಿಸಿಕೊಟ್ಟ ಹಾಡುಗಳನ್ನೆಲ್ಲ ಡಿಸ್ಕಿಗೆ ಬರೆದು ಕೊರಿಯರ್ ಮಾಡಿದ. ಗುರುವಾರ, ಕೌಂಟರಿನ ಮುಂದೆ ಜನ ಜೇನಿನಂತೆ ಮುತ್ತಿದ್ದಾಗ, ಮಾಧವೀಲತಾ ಫೋನು ಮಾಡಿದರು.

"ಏವಂಡಿ, ಮೀ ಡಿಸ್ಕು ಪಾಡೈಂದಂಡಿ!"

ಕೃಷ್ಣಪ್ರಸಾದ ಪೆನ್ನು ಕೆಳಗಿಟ್ಟ. 'ಪಾಡೈಂದಿ' ಅಂದರೆ ಕೆಟ್ಟುಹೋಯಿತು. ಬ್ಯಾಂಕಿನಲ್ಲಿ ಕೂತವನಿಗೆ ಎಲ್ಲಕ್ಕಿಂತ ಮೊದಲು ಬಾಯಿಪಾಠವಾಗುವ ತೆಲುಗೇ ಅದು: ಕಾರ್ಡು ಪಾಡೈಂದಿ, ಪಾಸ್‌ಬುಕ್ ಮಿಷನ್ನು ಪಾಡೈಂದಿ, ಏ.ಸಿ. ಪಾಡೈಂದಿ.

"ಸಾರಿ ಅಂಡಿ, ಇಂಕೋಟಿ ತೆಸ್ತಾನು" ಎಂದ, ಇನ್ನೊಂದು ತರುತ್ತೇನೆಂದು.

"ಇಂಕೋಟಾ? ತೀಸುಕುರಂಡಿ, ತೀಸುಕುರಂಡಿ!" ತನ್ನಿ ತನ್ನಿ ಎಂದು ಆಕೆ ಖುಷಿಯಿಂದ ನಕ್ಕರು. ಇವನಿಗೆ ಆ ನಗು ಚುಚ್ಚಿತು. ಅಕ್ಕ ಹೇಮಾಕ್ಷಿಗೆ ಫೋನು ಮಾಡಲು ನಾಚಿಕೆಯಾಗಿ, 'ಗೊತ್ತಾಯ್ತು. ಭಾನುವಾರ ಬೇರೆ ಡಿಸ್ಕ್ ತರ್ತೀನಿ' ಎಂದಷ್ಟೇ ಮೆಸೇಜು ಹಾಕಿದ. 'ತಗೊಂಡು ಬಾ, ಅಮ್ಮ ಕಾಯ್ತಿದಾಳೆ' ಎಂದು ಉತ್ತರ ಬಂತು.

ಸಂಜೆ ನಂದೀಶ ಮನೆಗೇ ಬಂದ. ಧಾರವಾಡದವನು, ಯಾವ ವಿಷಯಕ್ಕೂ ಹಿಂದೆ ಸರಿಯುವವನಲ್ಲ.

"ನಾ ಮೊದ್ಲ ಹೇಳಿದ್ನಿಲ್ರೀ ಸರ, ಪುಕ್ಕಟೆ ಸಾಫ್ಟ್‌ವೇರ್ ಮುಟ್ಟಬ್ಯಾಡ್ರಿ ಅಂತ? ನನ್ನ ಹತ್ರ ರೊಕ್ಕ ಕೊಟ್ಟು ತಗೊಂಡಿದ್ದೈತಿ. ಅದರಾಗ ಬರದ್ರ ದನಿ ಹೆಂಗ್ ತುಂಬಿ ಬರ್ತದ ನೋಡ್ರಿ! ಹಳೇದೊಂದೈತಿ, ಅದಂತೂ ಬಂಗಾರ."

ಕೃಷ್ಣಪ್ರಸಾದನ ಹೆಂಡತಿ ಚಿತ್ರಾ ಬದನೆಕಾಯಿ ಹೆಚ್ಚುತ್ತಲೇ ಕೇಳಿದಳು: "ಅಲ್ಲ ನಂದೀಶ್, ಸಾಫ್ಟ್‌ವೇರ್ 'ಇದನ್ನು ಬರಿ' ಅಂತ ಹೇಳತ್ತೆ ಅಷ್ಟೆ. ಕೆತ್ತೋದು ಡ್ರೈವು, ಕೆತ್ತಿಸಿಕೊಳ್ಳೋದು ಡಿಸ್ಕು. ಹೇಳೋ ಬಾಯಿ ಬದಲಾದ್ರೆ ಗೌರಕ್ಕನ ಗಂಟಲು ಬದಲಾಗತ್ತಾ?"

"ವೈನಿ, ನಿಮ್ಮ ಕಿವಿಗೆ ಗೊತ್ತಾಗಂಗಿಲ್ಲ. ನನ್ನ ಕಿವಿ ಬ್ಯಾರೆ."

"ಹಾಗಾದರೆ ಪರೀಕ್ಷೆ ಬರೀರಿ."

ಪುಕ್ಕಟೆಯದು, ಕೊಂಡದ್ದು, ಹಳೆಯದು ಎಂದು ಮೂರು ಸಾಫ್ಟ್‌ವೇರಿನಲ್ಲಿ ಮೂರು ಡಿಸ್ಕು ಬರೆದರು, ಆತುರವಿಲ್ಲದೆ, ನಿಧಾನದ ವೇಗದಲ್ಲಿ. ಚಿತ್ರಾ ಯಾವುದಕ್ಕೂ ಹೆಸರು ಬರೆಯದೆ, ತನಗೊಬ್ಬಳಿಗೇ ಗೊತ್ತಾಗುವಂತೆ ಬಣ್ಣಬಣ್ಣದ ಬಿಂದಿ ಅಂಟಿಸಿದಳು. ನಂದೀಶ ಸೋಫಾದಲ್ಲಿ ಕಣ್ಣು ಮುಚ್ಚಿ ಕೂತ. ಒಂದೊಂದಾಗಿ ಹಾಡಿದವು. ಕೆಂಪು ಬಿಂದಿಯ ಡಿಸ್ಕಿಗೆ ಅವನು ತೊಡೆ ತಟ್ಟಿದ.

"ಇದ, ಇದ ನೋಡ್ರಿ! ತಾಳದ ಝಣ್ ಅನ್ನೂದು ಎದಿಗೆ ಬಂದು ತಾಕ್ತು. ರೊಕ್ಕದ ದನಿ ಅಂದ್ರ ಇದ!"

"ಅದು ಪುಕ್ಕಟೆಯದು" ಎಂದಳು ಚಿತ್ರಾ.

ನಂದೀಶ ಒಂದು ಕ್ಷಣ ಸೀಲಿಂಗ್ ಫ್ಯಾನು ನೋಡಿದ. "ನಿಮ್ಮ ಸ್ಪೀಕರ್ ಸರಿ ಇಲ್ರಿ ವೈನಿ" ಎಂದು ಎದ್ದು ಬದನೆಕಾಯಿ ಪಲ್ಯಕ್ಕೆ ಕೂತ.

ಹಾಗಾದರೆ ಮೊದಲಿನದು ಕೆಟ್ಟಿದ್ದೇಕೆ? ಕೃಷ್ಣಪ್ರಸಾದ ಮೂರರಲ್ಲಿ ಒಂದಾದರೂ ಅಮ್ಮನ ಡಬ್ಬಿಗೆ ಒಗ್ಗಲಿ ಎಂದು ಮೂರನ್ನೂ ಟವೆಲಿನಲ್ಲಿ ಸುತ್ತಿಕೊಂಡು ಭಾನುವಾರ ರೈಲು ಹತ್ತಿದ. ದಾರಿಯುದ್ದಕ್ಕೂ ಚೀಲವನ್ನು ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಎದುರಿನ ಸೀಟಿನಾಕೆ, "ಮಾವಿನ ಹಣ್ಣೇನು?" ಎಂದು ತೆಲುಗಿನಲ್ಲಿ ಕೇಳಿಯೂ ಬಿಟ್ಟಳು.

ದುವ್ವಾಡದಲ್ಲಿ ಇಳಿದು, ಆಟೋ ಹಿಡಿದು ಅಕ್ಕನ ಮನೆಯ ಮೆಟ್ಟಿಲು ಹತ್ತುವಾಗ ತಟ್ಟನೆ ನಿಂತ. ಒಳಗಿನಿಂದ ತಾಳ ಕೇಳುತ್ತಿತ್ತು. ಗೌರಕ್ಕನ ದನಿ! ಅದರ ಹಿಂದೆ ಅಮ್ಮನ ದನಿ, ಅದಕ್ಕೂ ಹಿಂದೆ ಕನ್ನಡವನ್ನು ತೆಲುಗಿನಂತೆ ಉರುಳಿಸುತ್ತಿದ್ದ ಇನ್ನೊಂದು ದನಿ.

ಬಾಗಿಲಲ್ಲಿ ಇಣುಕಿದ. ಕಪ್ಪು ಕನ್ನಡಕದ ಅಮ್ಮ, ಪಕ್ಕದಲ್ಲಿ ಊಟದ ತಟ್ಟೆಯನ್ನೇ ತಾಳ ಮಾಡಿಕೊಂಡ ಮಾಧವೀಲತಾ, ನಡುವೆ ಹಾಡುತ್ತಿರುವ ಡಬ್ಬಿ.

"ಇದು ಕೆಟ್ಟಿತ್ತಲ್ಲ? ಮೀರೇ ಪಾಡೈಂದಿ ಅನ್ನಾರು ಕದಂಡಿ!" ಎಂದ ಕೃಷ್ಣಪ್ರಸಾದ, ನೀವೇ ಹೇಳಿದಿರಲ್ಲ ಎಂದು ಮಾಧವೀಲತಾ ಕಡೆ ತಿರುಗಿ.

ಮಾಧವೀಲತಾ ತಟ್ಟೆ ಕೆಳಗಿಟ್ಟರು. "ಪಾಡೈಂದಾ? ಅಯ್ಯೋ ರಾಮಾ! ಪಾಡಿಂದಿ ಅನ್ನಾನಯ್ಯಾ, ಪಾಡಿಂದಿ!" ಎಂದು ಬಾಯಿಗೆ ಸೆರಗು ಒತ್ತಿಕೊಂಡರು.

ಹೇಮಾಕ್ಷಿ ಅಡುಗೆಮನೆಯಿಂದಲೇ ನಗುತ್ತ ಬಂದಳು. "ಲೋ ಪೆದ್ದ, ಪಾಡಿಂದಿ ಅಂದ್ರೆ ಹಾಡ್ತು ಅಂತ! ಡಿಸ್ಕು ಹಾಡ್ತು ಅಂತ ಸಂತೋಷಕ್ಕೆ ಫೋನ್ ಮಾಡಿದ್ರೆ ನೀನು ಸಾರಿ ಕೇಳಿದ್ಯಂತೆ. ಇನ್ನಷ್ಟು ಹಾಡು ತರ್ತಿದೀಯ ಅಂತ ನಾವಿಲ್ಲಿ ಕಾದಿದ್ದೀವಿ!"

ಕೃಷ್ಣಪ್ರಸಾದ ಟವೆಲು ಬಿಚ್ಚಿದ. ಅವೇ ಹಾಡುಗಳ ಮೂರು ಡಿಸ್ಕುಗಳು ಬಿಂದಿ ಇಟ್ಟುಕೊಂಡು ಹೊರಬಂದವು. ಬೇರೆಬೇರೆ ಸಾಫ್ಟ್‌ವೇರಿನ ಕಥೆ ಕೇಳಿ ಅಮ್ಮ ಮೂರನ್ನೂ ಹಾಕಿಸಿದರು. ತಲೆಯಾಡಿಸುತ್ತ ಪೂರಾ ಕೇಳಿದರು. ಸೋಮವಾರದ ರೈಲಿನ ಭಯವಿನ್ನೂ ಹೋಗದ ಮಗ, "ಯಾವುದು ಚೆನ್ನಾಗಿದೆಯಮ್ಮ?" ಎಂದು ಮೆಲ್ಲಗೆ ಕೇಳಿದ.

"ಮೂರರಲ್ಲೂ ಗೌರಿ ಎರಡನೇ ಚರಣದಲ್ಲಿ ಶ್ರುತಿ ಬಿಟ್ಟಿದಾಳೆ. ಮೊದಲನೇದರಲ್ಲೂ ಅಲ್ಲೇ ಬಿಟ್ಟಿದ್ಳು. ಅದು ಅವಳ ಚಾಳಿ, ಕಂಪ್ಯೂಟರನ್ನ ಯಾಕೆ ಬೈತೀರಿ?"

ಅಷ್ಟರಲ್ಲಿ ನಂದೀಶನ ಫೋನು. "ಸರ, ಯಾವ ಸಾಫ್ಟ್‌ವೇರ್ ಗೆದ್ತು?"

"ಎಲ್ಲಾ ಪಾಡಿಂದಿ ಮಾರಾಯ!"

"ಅಯ್ಯಯ್ಯ, ಎಲ್ಲಾ ಪಾಡೈಂದೇನ್ರೀ? ತಡೀರಿ, ನನ್ನ ಹತ್ರ ಇನ್ನೊಂದು ಸಾಫ್ಟ್‌ವೇರ್ ಐತಿ..."

ಇವನು ನಗು ತಡೆಯಲಾರದೆ ಫೋನನ್ನು ಅಕ್ಕನ ಕೈಗೆ ಕೊಟ್ಟ. ಅಮ್ಮ ಮೂರು ಡಿಸ್ಕನ್ನೂ ಬೆರಳಿನಿಂದ ಸವರಿ, ಹಸಿರು ಬಿಂದಿಯದನ್ನು ಮಾಧವೀಲತಾ ಕೈಗಿಟ್ಟರು. "ಇದು ನಿಮಗೆ. ಮನೆಯಲ್ಲಿ ಕೇಳಿ ಕಲೀರಿ, ಆ ಎರಡನೇ ಚರಣ ಮಾತ್ರ ಗೌರಿ ಹಾಗೆ ಬೇಡ." ಆಕೆಗೆ ಎಷ್ಟು ಅರ್ಥವಾಯಿತೋ, ಡಿಸ್ಕನ್ನು ಕಣ್ಣಿಗೊತ್ತಿಕೊಂಡರು.

"ಅಮ್ಮ, ಸೋಮವಾರದ ರೈಲು?" ಎಂದ ಕೃಷ್ಣಪ್ರಸಾದ.

"ಯಾವ ರೈಲು? ಇವರಿಗೆ ಪಾಠ ಶುರು ಮಾಡಿ ನಡುವೆ ಬಿಟ್ಟು ಹೋಗಕ್ಕಾಗತ್ತಾ? ನಾಳೆ ಡಾಕ್ಟರಿಗೆ ಹೇಳು, ಇನ್ನೊಂದು ಕಣ್ಣು ಬರ್ತಾ ಇದೆ ಅಂತ" ಎಂದು ಅಮ್ಮ ಡಬ್ಬಿಯ ಗುಂಡಿಯನ್ನು ಮತ್ತೆ ಒತ್ತಿದರು.