ಸೊಪ್ಪಿನವಳು

ಹಾರದ ನೀರು ಮೊಣಕೈವರೆಗೂ ಇಳಿಯುತ್ತಿದೆ, ತಣ್ಣಗೆ, ಕನಕಾಂಬರಕ್ಕೆ ಇಷ್ಟು ನೀರು ಚಿಮುಕಿಸಿದವರು ಯಾರೋ, ನಾನೇ ಇರಬೇಕು, ಬೆಳಗಿನಿಂದ ನನ್ನ ಕೈ ನನ್ನ ಮಾತು ಕೇಳುತ್ತಿಲ್ಲ — ಸ್ಟೇಷನ್ ಕಡೆಯಿಂದ ಜಟಕಾದ ಗೆಜ್ಜೆ ಸದ್ದು, ಬಂದರು ಬಂದರು ಎಂದು ಹಾಸ್ಟೆಲಿನ ಹುಡುಗಿಯರು ಸಾಲು ಮುರಿಯುತ್ತಾರೆ, ಸಾಲಿನಲ್ಲಿ ನಿಲ್ಲಿರಿ ಮಕ್ಕಳೇ ಎಂದು ದೊಡ್ಡ ಮಿಸ್ಸಮ್ಮ ಕೊಡೆಯ ತುದಿಯಿಂದ ನೆಲ ಕುಟ್ಟುತ್ತಾರೆ, ದೇವನಹಳ್ಳಿಗೆ ಬಂದು ಇಷ್ಟು ವರ್ಷವಾದರೂ ಅವರ ಕನ್ನಡದ ಇಸ್ತ್ರಿ ಮಾತ್ರ ಮುರಿದಿಲ್ಲ. ಯುದ್ಧ ಮುಗಿದು ಹಡಗುಗಳು ಮತ್ತೆ ಓಡಾಡತೊಡಗಿದ ಮೇಲೆ ನಮ್ಮ ಆಸ್ಪತ್ರೆಗೆ ಬರುತ್ತಿರುವ ಮೊದಲ ಹೊಸ ಮಿಷನರಿಗಳು, ಇಬ್ಬರೂ ಹುಡುಗಿಯರು, ನನ್ನ ವಯಸ್ಸಿನವರೇ ಅಂತೆ, ಅವರ ಇಂಗ್ಲಿಷನ್ನು ಕನ್ನಡ ಮಾಡುವುದು, ನಮ್ಮವರ ಕನ್ನಡವನ್ನು ಇಂಗ್ಲಿಷ್ ಮಾಡುವುದು ಇವತ್ತು ನನ್ನ ಕೆಲಸ, ಚೆನ್ನಾಗಿ ಮಾಡು ಕೃಪಾ, ಮಳೆಗಾಲ ಮುಗಿಯಲಿ, ನಿನ್ನನ್ನು ನರ್ಸ್ ತರಬೇತಿಗೆ ಮದರಾಸಿಗೆ ಕಳಿಸುವ ವಿಷಯ ಯೋಚಿಸೋಣ ಎಂದಿದ್ದಾರೆ ದೊಡ್ಡ ಮಿಸ್ಸಮ್ಮ. ಯೋಚಿಸೋಣ ಎಂದರೆ ಕಳಿಸುತ್ತೇವೆ ಎಂದಲ್ಲ. ಹಾಸ್ಟೆಲಿನಲ್ಲಿ ನನ್ನ ಜೊತೆಗಿದ್ದ ಕದಿರಮ್ಮನನ್ನೂ ಕಳಿಸುವವರಿದ್ದರು, ಅವಳ ಪೆಟ್ಟಿಗೆಯಲ್ಲಿ ಕುಂಕುಮದ ಭರಣಿ ಸಿಕ್ಕಿತು, ಹಳೆಯದನ್ನು ಇನ್ನೂ ಬಿಟ್ಟಿಲ್ಲ ನೀನು ಎಂದರು, ಅವಳೀಗ ಊರಲ್ಲಿ ರಾಗಿ ಕಳೆ ಕೀಳುತ್ತಿದ್ದಾಳೆ. ನನ್ನ ಪೆಟ್ಟಿಗೆಯಲ್ಲಿ ಅಂಥದ್ದೇನೂ ಇಲ್ಲ, ಎರಡು ಸಲ ನೋಡಿದ್ದೇನೆ.

ಜಟಕಾ ನಿಂತಿತು, ಇಳಿದರು, ಒಬ್ಬಳು ಉದ್ದ, ಇನ್ನೊಬ್ಬಳದು ಬಿಸಿಲಿಗೆ ಸಿಪ್ಪೆ ಎದ್ದ ಕೆಂಪು ಮೂಗು, ಅಯ್ಯೋ ಎಷ್ಟು ಚಿಕ್ಕವರು, ಹುಡುಗಿಯರು ಹಾಡು ಎತ್ತಿದರು, ಹಾರ ಹಾಕಲು ಹೋದರೆ ಉದ್ದದವಳ ಟೋಪಿಗೆ ಸಿಕ್ಕಿಕೊಂಡಿತು, ಅವಳೂ ನಕ್ಕಳು, ನಾನೂ ನಕ್ಕೆ, ನಗುತ್ತಲೇ ಅವಳ ಭುಜದಾಚೆ ನೋಡಿದೆ — ಗೇಟಿನ ಪಕ್ಕ, ಹೊಂಗೆ ಮರದ ಕೆಳಗೆ, ಹಿತ್ತಾಳೆ ತಟ್ಟೆ ಹಿಡಿದು ಅಮ್ಮ. ಕುಂದಾಣದ ಕೊಂಡಪ್ಪನ ಹೆಂಡತಿ ಮುನಿವೆಂಕಟಮ್ಮ, ನನ್ನನ್ನು ಹೆತ್ತವಳು, ಗಂಟು ಬಿಚ್ಚಿದ ಹೊಸ ಸೀರೆ ಉಟ್ಟು, ಪಾದದ ತುಂಬ ದಾರಿಯ ಧೂಳು. ತಟ್ಟೆಯಲ್ಲಿ ಕೆಂಪು ನೀರು, ಅರಿಶಿನಕ್ಕೆ ಸುಣ್ಣ ಕಲಸಿದ ಆರತಿ ನೀರು, ಆ ಕೆಂಪು ನನಗೆ ಎಷ್ಟು ದೂರದಿಂದಲೂ ಗೊತ್ತು. ಯಾಕೆ ಬಂದೆಯಮ್ಮ, ಯಾಕೆ ಬಂದಳು ಎಂದು ಕೇಳಿಕೊಳ್ಳಲು ನನಗೆ ನಾಚಿಕೆಯಾಗಬೇಕು, ಹೇಳಿದವಳು ನಾನೇ, ಹೋದ ಸಂತೆಯಲ್ಲಿ ಕಡಲೆಪುರಿ ತಿನ್ನುತ್ತ ಜಂಭದಿಂದ ಹೇಳಿದೆ, ಹೊಸಬರು ಬರುತ್ತಾರೆ, ನಾನೇ ಹಾರ ಹಾಕುವುದು ಎಂದು. ಅಷ್ಟು ದೂರ್ದಿಂದ ಹೆಣ್ಮಕ್ಳು ಬತ್ತವ್ರೆ ಅಂತೀಯ, ಹೆತ್ತೋಳು ಜೊತೇಲಿಲ್ಲ, ಬಾಗ್ಲಲ್ಲಿ ದಿಷ್ಟಿ ತೆಗೆಯೋರು ಯಾರು ಮುತ್ಯಾಲು ಎಂದಳು ಅಮ್ಮ. ನಮ್ಮಲ್ಲಿ ಅದೆಲ್ಲ ಇಲ್ಲಮ್ಮ ಎಂದು ನಕ್ಕೆ. ನಿಮ್ಮಲ್ಲಿಲ್ಲ ಅಂದ್ಬಿಟ್ರೆ ಕಣ್ಣು ಬೀಳೋದು ಬಿಡ್ತದಾ ಅಂದಳು. ಬರಬೇಡ ಎನ್ನಲು ಅಲ್ಲಿ ಅವಕಾಶವಿತ್ತು, ಅನ್ನಲಿಲ್ಲ, ಬರಲಿ ಎಂದೇ ಆಸೆ ಇತ್ತೋ ಏನೋ. ನಾನು ಮುತ್ಯಾಲಮ್ಮ ಹೋಗಿ ಕೃಪಾ ಆದ ದಿನ ಅಪ್ಪ ಹಟ್ಟಿ ಬಾಗಿಲು ಹಾಕಿಕೊಂಡ, ಅಮ್ಮ ಮಾತ್ರ, ನಿನ್ ದೇವ್ರು ನಿಂಗೆ, ನನ್ ಮಗ್ಳು ನಂಗೆ ಎಂದಳು, ಊರಿಗೆ ಹೋಗಿ ಬರುವಾಗಲೆಲ್ಲ ಹೊಸ್ತಿಲಲ್ಲಿ ನಿಲ್ಲಿಸಿ, ಅದೇ ಕೆಂಪು ನೀರು ಮುಖಕ್ಕೆ ಇಳಿತೆಗೆದು, ಬೆರಳು ಅದ್ದಿ ಹಣೆಗೆ ಒಂದು ಬೊಟ್ಟು, ಕೆರೆ ಏರಿ ದಾಟುವ ಮೊದಲೇ ನಾನದನ್ನು ಒರೆಸುತ್ತಿದ್ದೆ, ಅವಳಿಗೂ ಗೊತ್ತು, ಒರೆಸ್ಕೊಂಡ್ರೆ ಒರೆಸ್ಕೊ, ನಾನಿಟ್ಟಿದ್ದು ಇಟ್ಟಿದ್ದೇ ಕಣೆ.

ಅವಳು ನನ್ನ ಹಣೆಯನ್ನೇ ನೋಡುತ್ತಿದ್ದಾಳೆ, ಬರಿ ಹಣೆ, ತಟ್ಟೆಯನ್ನು ಎಡಗೈಗೆ ಬದಲಾಯಿಸಿ ಬಲಗೈ ಬೆರಳು ನೀರಿಗದ್ದುತ್ತಾಳೆ, ಬೇಡಮ್ಮ, ಇಲ್ಲಿ ಬೇಡ, ಎರಡು ಹೆಜ್ಜೆ ಮುಂದೆ ಬಂದಳು, ಮಿಸ್ಸಮ್ಮ ತಿರುಗಿದರು. ಕೃಪಾ, ಆಕೆ ಯಾರು, ನಿಮ್ಮ ಕಡೆಯವರೋ? ಕದಿರಮ್ಮ, ಭರಣಿ, ಮದರಾಸು, ಮಳೆಗಾಲ, ಎಲ್ಲ ಒಟ್ಟಿಗೆ ಗಂಟಲಿಗೆ ಬಂತು, ಬಾಯಿ ತೆರೆದರೆ ಬಂದದ್ದು ಬೇರೆ — ಅಲ್ಲ ಮಿಸ್ಸಮ್ಮ, ಯಾರೋ ಸೊಪ್ಪು ಮಾರುವವಳು. ಕನ್ನಡದಲ್ಲಿ ಹೇಳಿದೆ, ಪಾಪಿ, ಇಂಗ್ಲಿಷಿನಲ್ಲಾದರೂ ಹೇಳಬಾರದಿತ್ತೇ. ಬೆರಳು ನನ್ನ ಕಡೆಗೆ ಎತ್ತಿದ್ದು ಹಾಗೇ ನಿಂತಿತು, ತುದಿಯಲ್ಲಿ ಕೆಂಪು ಹನಿ. ಅವಳ ಮುಖ ಕೆಡಲಿಲ್ಲ, ಅದು ಕೆಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ, ಒಂದು ಗಳಿಗೆ ಮಿಸ್ಸಮ್ಮನನ್ನು, ಒಂದು ಗಳಿಗೆ ನನ್ನನ್ನು ನೋಡಿದಳು, ಬೆರಳನ್ನು ಹೊಸ ಸೆರಗಿಗೆ ಒರೆಸಿಕೊಂಡಳು. ಹೂಂ ತಾಯಿ, ಸೊಪ್ಪಿನೋಳು ನಾನು, ಇವತ್ತು ಸೊಪ್ಪು ಸಿಕ್ಕಲಿಲ್ಲ. ನೀರನ್ನು ಹೊಂಗೆ ಬುಡಕ್ಕೆ ಚೆಲ್ಲಿದಳು, ಯಾರ ಮುಖಕ್ಕೂ ಇಳಿತೆಗೆಯದ ನೀರು, ಆಮೇಲೆ ನನಗೆ, ನನಗೇ, ಕೈ ಮುಗಿದು — ಬರ್ತೀನಿ ಅಮ್ಮಾವ್ರೆ.

ಟೀ ತಟ್ಟೆ ನನ್ನ ಕೈಯಲ್ಲಿದೆ. ಪಾಪ, ಆಕೆಯನ್ನೂ ಒಳಗೆ ಕರೆದು ಟೀ ಕೊಡಬಹುದಿತ್ತು ಕೃಪಾ, ಬಹಳ ದೂರ ನಡೆದವಳಂತೆ ಕಂಡಳು ಎನ್ನುತ್ತಾರೆ ದೊಡ್ಡ ಮಿಸ್ಸಮ್ಮ, ಬಿಸ್ಕತ್ತಿನ ಡಬ್ಬಿ ತೆಗೆಯುತ್ತ, ಅಷ್ಟೇ, ಅಷ್ಟು ಸಲೀಸಾಗಿ, ಹಾಗಾದರೆ ನಿಜ ಹೇಳಿದ್ದರೂ ಕರೆಯುತ್ತಿದ್ದರೇ, ಕುರ್ಚಿ ಹಾಕುತ್ತಿದ್ದರೇ, ಅದು ಇನ್ನು ಗೊತ್ತಾಗುವುದಿಲ್ಲ. ಈಗ ಓಡಿದರೆ ಕೆರೆ ಏರಿಯ ಹತ್ತಿರ ಸಿಗುತ್ತಾಳೆ, ಬಿಸಿಲಲ್ಲಿ ಅವಳ ನಡಿಗೆ ನಿಧಾನ, ನೀರೂ ಕುಡಿದಿಲ್ಲ, ಓಡು, ತಟ್ಟೆ ಇಟ್ಟು ಓಡು — ಸಕ್ಕರೆ ಎಷ್ಟು ಹಾಕಲಿ ಎಂದು ಕೇಳುತ್ತಿದ್ದೇನೆ. ಮೂಗು ಸುಟ್ಟ ಹುಡುಗಿ ಏನೋ ಹೇಳುತ್ತಿದ್ದಾಳೆ, ಹಡಗು ಬಿಡುವಾಗ ಅವಳಮ್ಮ ದಡದಲ್ಲಿ ಕರವಸ್ತ್ರ ಬೀಸುತ್ತ ಅತ್ತಳಂತೆ, ಕಣ್ಣಿಗೆ ಕಾಣುವವರೆಗೂ ಬೀಸಿದಳಂತೆ, ಇದನ್ನು ಹುಡುಗಿಯರಿಗೆ ಕನ್ನಡದಲ್ಲಿ ಹೇಳು ಎನ್ನುತ್ತಾಳೆ, ಹೇಳುತ್ತೇನೆ, ಹುಡುಗಿಯರು ಅಯ್ಯೋ ಎನ್ನುತ್ತಾರೆ. ನಿನ್ನ ತಾಯಿ ಎಲ್ಲಿದ್ದಾರೆ ಕೃಪಾ, ಹತ್ತಿರವೇ, ಅವಳೇ ಕೇಳುತ್ತಾಳೆ. ಗೇಟಿನಾಚೆ ರಸ್ತೆ ಖಾಲಿ, ಹೊಂಗೆ ಬುಡ ಇನ್ನೂ ಕೆಂಪಗೆ ಒದ್ದೆ. ದೂರ, ಎಂದೆ, ತುಂಬ ದೂರ. ಅವಳು ನನ್ನ ಕೈ ಹಿಡಿದುಕೊಂಡಳು, ನಾವಿಬ್ಬರೂ ಒಂದೇ ಎನ್ನುವ ಹಾಗೆ, ಇದಕ್ಕೆ ಇಂಗ್ಲಿಷಿನಲ್ಲಿ ಏನೋ ಹೇಳಬೇಕು, ಪದ ಬರುತ್ತಿಲ್ಲ, ಕನ್ನಡವೂ ಬರುತ್ತಿಲ್ಲ, ಹಣೆಯ ಮುಂದೆ ಆ ಬೆರಳು, ಕೆಂಪು ಹನಿ ಹೊತ್ತು, ಮುಟ್ಟದೆ, ಅಲ್ಲೇ ನಿಂತ ಬೆರಳು