ಡಂಗುರ ಹೊಡೆಯದೆ ಬದಲಾಯಿಸುವಂತಿಲ್ಲ

ಸಿಂಧನೂರಿನಲ್ಲಿ ವೆಂಕೋಬ ಸರ್ ನಡೆಸುತ್ತಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟ್ 1993ರಲ್ಲಿ ಕಂಪ್ಯೂಟರ್ ಸೆಂಟರ್ ಆಯಿತು. ಅಲ್ಲಿ ಪಾಠ ಹೇಳುತ್ತಿದ್ದವಳು ನಾನು, ಮೆಹರಬಾನು. ಕನ್ನಡ ಮೀಡಿಯಂ ಮಕ್ಕಳು ಬೇಸಿಕ್ ಎಂಬ ಇಂಗ್ಲಿಷ್ ಪದಗಳ ಕಂಪ್ಯೂಟರ್ ಭಾಷೆಯ ಮುಂದೆ ಕೂತು ಕಣ್ಣು ಕಣ್ಣು ಬಿಡುವುದನ್ನು ನೋಡಿ ನೋಡಿ ತಲೆಕೆಟ್ಟು, ಕನ್ನಡ ಪದಗಳಲ್ಲೇ ಬರೆಯಬಹುದಾದ ಒಂದು ಪುಟ್ಟ ಭಾಷೆಯನ್ನು ನಾನೇ ಕಟ್ಟಿದ್ದೆ. ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲಿ, ಓದಿದರೆ ಕನ್ನಡ. ಮಕ್ಕಳು ಬರೆದ ಸಾಲುಗಳನ್ನು ಒಂದೊಂದಾಗಿ ಓದಿ ಯಂತ್ರದಿಂದ ಮಾಡಿಸುವ ಇಂಟರ್‌ಪ್ರಿಟರ್ ಒಂದೇ ಫ್ಲಾಪಿಯಲ್ಲಿ ಹಿಡಿಸುತ್ತಿತ್ತು. ವೆಂಕೋಬ ಸರ್ ಅದನ್ನು ಬಾನು ಭಾಷೆ ಎಂದು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಎಂದು ನಾನೂ ಸುಮ್ಮನಿದ್ದೆ.

ಲಿಂಗಸುಗೂರಿನ ಹೆಣ್ಣುಮಕ್ಕಳ ಹೈಸ್ಕೂಲೊಂದರ ಹೆಡ್‌ಮೇಡಂ ಶಿವಬಸಮ್ಮನವರು ಶನಿವಾರ ಅದನ್ನು ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಅವರ ಶಾಲೆಯಲ್ಲೂ ನನ್ನ ಭಾಷೆ. ಒಪ್ಪದಿದ್ದರೆ ನಮ್ಮಲ್ಲೂ ಮತ್ತೆ ಬೇಸಿಕ್ಕೇ ಎಂದು ಸರ್ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು.

ಅವರಿಗೆ ತೋರಿಸಲೆಂದು ನನ್ನ ಇಬ್ಬರು ವಿದ್ಯಾರ್ಥಿಗಳು ಒಂದು ಪ್ರೋಗ್ರಾಂ ಬರೆದಿದ್ದರು. ಯಾವ ಊರಿನಲ್ಲಿ ಯಾವ ದಿನ ಏನು ಬಿತ್ತಬೇಕೆಂದು ಅದು ಹೇಳಬೇಕಿತ್ತು. ಗದ್ದೆಯ ಭಾಗವನ್ನು ಮುಕ್ಕುಂದದ ಹುಸೇನಮ್ಮ ಬರೆದಳು. ಒಣ ಬೇಸಾಯದ ಭಾಗವನ್ನು ಪಾಮನಕಲ್ಲೂರಿನಿಂದ ಮಸ್ಕಿಗೆ ಬಂದು ಬಸ್ಸು ಬದಲಿಸಿ ಬರುತ್ತಿದ್ದ ಪಂಪಣ್ಣ ಬರೆದ. ಬೇರೆ ಬೇರೆಯಾಗಿ ಎರಡೂ ಚೆನ್ನಾಗಿಯೇ ನಡೆದವು. ಸೋಮವಾರ ಕೂಡಿಸಿ ಓಡಿಸಿದರೆ, ಪಾಮನಕಲ್ಲೂರಿನ ಒಣ ಹೊಲದಲ್ಲಿ ಭತ್ತ ನಾಟಿ ಮಾಡಿರಿ ಎಂದು ಪರದೆಯ ಮೇಲೆ ಬಂತು.

ತಮ್ಮ ತಮ್ಮ ಲೆಕ್ಕವನ್ನು ಇಟ್ಟುಕೊಳ್ಳಲು ಇಬ್ಬರೂ ನೀರು ಎಂಬ ಹೆಸರನ್ನೇ ಬಳಸಿದ್ದರು. ಹುಸೇನಮ್ಮನ ನೀರು ಎಂದರೆ ಕಾಲುವೆ ಹರಿಯುವ ದಿನಗಳು, ನೂರಾ ಇಪ್ಪತ್ತು. ಪಂಪಣ್ಣನ ನೀರು ಎಂದರೆ ಬಿದ್ದ ಮಳೆ, ಎರಡು ಇಂಚು. ಅವಳ ಸಾಲು ಇವನ ಎರಡನ್ನು ಅಳಿಸಿ ನೂರಾ ಇಪ್ಪತ್ತು ಇಟ್ಟಿತ್ತು. ಅಷ್ಟು ಇಂಚು ಮಳೆ ಬಿದ್ದರೆ ಭತ್ತವನ್ನಲ್ಲದೆ ಇನ್ನೇನು ಹಚ್ಚಬೇಕು?

"ನೀರು ಅಂದ್ರ ಕಾಲುವಿ ನೀರಲ್ಲೇನು?" ಎಂದಳು ಹುಸೇನಮ್ಮ.

"ನಮ್ಮೂರಾಗ ಕಾಲುವಿ ಎಲ್ಲೈತಿ? ನಮಗ ನೀರು ಅಂದ್ರ ಮಳಿ," ಎಂದ ಪಂಪಣ್ಣ.

ಒಬ್ಬರು ಹೆಸರು ಬದಲಿಸಿಕೊಳ್ಳಲಿ, ಶನಿವಾರ ಹತ್ತಿರ ಬಂತು, ಇಂಟರ್‌ಪ್ರಿಟರ್ ಬಿಚ್ಚಬೇಡಿ ಎಂದರು ವೆಂಕೋಬ ಸರ್. ನನಗೆ ಸಿಟ್ಟು ನೆತ್ತಿಗೇರಿತು.

"ತಪ್ಪು ಹುಡುಗರದಲ್ರೀ ಸರ್, ನಂದು. ತಮ್ಮೂರ ನೀರಿಗೆ ನೀರು ಅನ್ನಾಕ ಅಂಜಬೇಕಂದ್ರ ಅದೆಂಥಾ ಭಾಷಾ?"

ತಪ್ಪು ನಿಜವಾಗಿಯೂ ನನ್ನದೇ. ಬೇಸಿಕ್ಕಿನಲ್ಲಿ ಇದ್ದ ಹಾಗೆಯೇ ನನ್ನ ಭಾಷೆಯಲ್ಲೂ ಪ್ರತಿ ಹೆಸರು ಎಲ್ಲರದೂ ಆಗಿತ್ತು. ಯಾರು ಬೇಕಾದರೂ ಬಂದು ಬದಲಿಸಬಹುದಿತ್ತು. ಸೋಮಾರಿತನದಿಂದ ಹಾಗೆ ಬಿಟ್ಟಿದ್ದೆ.

ಮಂಗಳವಾರ ಇಂಟರ್‌ಪ್ರಿಟರ್ ಬಿಚ್ಚಿದೆ. ಇಡೀ ಪ್ರೋಗ್ರಾಂ ಒಂದು ಊರು, ಅದರ ಒಂದೊಂದು ಭಾಗವೂ ಒಂದೊಂದು ಮನೆ, ಅದು ಇಟ್ಟ ಹೆಸರು ಆ ಮನೆಯದು ಎಂದು ಮಾಡಿದೆ. ನೀರಿನ ಜಗಳ ಮುಗಿಯಿತು. ಆದರೆ ದಿನ ಎಂಬುದು ಎಲ್ಲ ಮನೆಗಳಿಗೂ ಸೇರಿದ ಊರ ಹೆಸರು. ಅದನ್ನು ಮುಂದೆ ಸರಿಸಬೇಕಾದ ಭಾಗ ತನ್ನ ಮನೆಯೊಳಗೇ ಬೇರೊಂದು ದಿನ ಮಾಡಿಕೊಂಡು ಅದನ್ನು ಸರಿಸಿ ತೆಪ್ಪಗಾಯಿತು. ಊರಿನ ದಿನ ಜೂನ್ ಒಂದರಲ್ಲೇ ನಿಂತಿತು. ಪಂಪಣ್ಣ ಪಾಪ, ಜೂನ್ ಎರಡು ಬರುತ್ತದೆಂದು ಕಾಲು ಗಂಟೆ ಕಾದ.

ಹಾಗಾದರೆ ಊರ ಹೆಸರನ್ನು ಯಾರು ಬೇಕಾದರೂ ನೋಡಬಹುದು, ಬದಲಿಸುವ ಮುಂಚೆ ಮಾತ್ರ ಒಂದು ಪದ ಹೇಳಿ ತಿಳಿಸಬೇಕು ಎಂದು ನಿಯಮ ಮಾಡಿದೆ. ಆ ಪದ ಯಾವುದು? ಗ್ಲೋಬಲ್ ಎಂದರೆ ಹುಸೇನಮ್ಮನ ತಲೆಗೆ ಹತ್ತಲಿಲ್ಲ. ಸಾರ್ವಜನಿಕ ಎಂದೆ. ಅದು ಬಸ್‌ಸ್ಟ್ಯಾಂಡಿನ ಸಂಡಾಸಿನ ಮೇಲೆ ಬರೆದದ್ದಲ್ಲವೇ ಎಂದು ಪಂಪಣ್ಣ ನಕ್ಕ. ಕೊನೆಗೆ ನಿಮ್ಮೂರಲ್ಲಿ ಎಲ್ಲರಿಗೂ ಸೇರಿದ್ದನ್ನು ಬದಲಿಸುವಾಗ ಏನು ಮಾಡುತ್ತೀರಿ ಎಂದು ಅವರನ್ನೇ ಕೇಳಿದೆ.

"ಕಾಲುವಿ ನೀರಿನ ಪಾಳಿ ಬದಲಾದ್ರ ಡಂಗುರ ಹೊಡಸ್ತಾರ್ರಿ," ಎಂದಳು ಹುಸೇನಮ್ಮ. "ಡಂಗುರ ಹೊಡಸಲಾರ್ದ ಬದಲಿ ಮಾಡಿದ್ರ ಯಾರೂ ಒಪ್ಪಾಂಗಿಲ್ಲ."

ಅದೇ ಪದ ಸಾಕಾಯಿತು. ಬುಧವಾರದಿಂದ ಶುಕ್ರವಾರದವರೆಗೆ ಕೂತಲ್ಲಿಂದ ಏಳಲಿಲ್ಲ. ಊರಲ್ಲಿ ಇಲ್ಲದ ಹೆಸರಿಗೆ ಡಂಗುರ ಹೊಡೆದರೆ "ಇಂಥ ಹೆಸರು ಊರಲ್ಲಿಲ್ಲ" ಎಂದು ಯಂತ್ರವೇ ಹೇಳುವಂತೆ ಮಾಡಿದೆ. ಒಂದು ಸಾಲು ಹೆಚ್ಚು ಬರೆಯುವ ತೊಂದರೆ ಯಾಕೆ ಎಂದು ಸರ್ ಗೊಣಗಿದರು. ಎಲ್ಲರ ವಸ್ತುವನ್ನು ಮುಟ್ಟಲು ಸ್ವಲ್ಪ ತೊಂದರೆ ಆಗಲೇಬೇಕು ಎಂದೆ.

ಶನಿವಾರ ಶಿವಬಸಮ್ಮನವರು ಬಂದರು. ನಮ್ಮ ಪ್ರೋಗ್ರಾಮನ್ನು ಅರ್ಧ ನೋಡಿ, ತಾವೇ ಬರೆಯುವುದಾಗಿ ಹೇಳಿ ಕುರ್ಚಿ ಎಳೆದುಕೊಂಡರು. ಕಂಪ್ಯೂಟರ್ ಮುಟ್ಟಿದ್ದು ಅವರು ಅದೇ ಮೊದಲು. ನಾನು ಕೊಟ್ಟ ಒಂದು ಹಾಳೆಯ ನಿಯಮ ಓದಿ, ಮಳೆ ಹತ್ತು ದಿನ ತಡವಾದರೆ ದಿನಕ್ಕೆ ಹತ್ತು ಕೂಡಿಸುವ ಒಂದು ಭಾಗವನ್ನು ಒಂದೇ ಬೆರಳಿನಲ್ಲಿ ಬರೆದರು. ಡಂಗುರ ಬರೆಯಲಿಲ್ಲ. ಓಡಿಸಿದರೆ ಜೂನ್ ಒಂದು ಜೂನ್ ಒಂದೇ ಆಗಿತ್ತು.

ವೆಂಕೋಬ ಸರ್ ನನ್ನ ಕಡೆ ನೋಡಿದರು. ಪಂಪಣ್ಣ ಕೀಬೋರ್ಡಿಗೆ ಕೈ ಚಾಚಿದ. ಅವನ ಕೈ ಹಿಡಿದು ನಿಲ್ಲಿಸಿದೆ. ಮೇಡಂ ಈಗ ಎದ್ದರೆ ಎಲ್ಲ ಮುಗಿದಂತೆಯೇ. ಆದರೆ ನಾವು ಹೇಳಿಕೊಟ್ಟರೆ ಮಾತ್ರ ತಿಳಿಯುವ ಭಾಷೆ ನನಗೂ ಬೇಕಿರಲಿಲ್ಲ.

ಅವರು ಏಳಲಿಲ್ಲ. ಹಾಳೆಯ ಮೇಲೆ ಬೆರಳಿಟ್ಟು ಮತ್ತೆ ಮೊದಲಿನಿಂದ ಓದಿದರು.

"ಊರಿನ ದಿನಾನ ನಾ ಯಾರಿಗೂ ಹೇಳಲಾರ್ದ ಸರಸಾಕ ಹೋಗೀನಿ," ಎಂದು ತಮಗೇ ಹೇಳಿಕೊಂಡು, ಮೇಲೊಂದು ಸಾಲು ಸೇರಿಸಿದರು: ಡಂಗುರ ದಿನ. ಜೂನ್ ಹನ್ನೊಂದು ಬಂತು.

ನನಗೆ ಅಳು ಬಂದುಬಿಟ್ಟಿತು, ಮುಚ್ಚಿಡಲಿಲ್ಲ. ಮೇಡಂ ವೆಂಕೋಬ ಸರ್ ಕಡೆ ತಿರುಗಿ, ಬೇಸಿಕ್ಕಿನಲ್ಲಿ ತಪ್ಪಿದ್ದರೆ ತಮ್ಮ ತಪ್ಪು ತಮಗೆ ಹೀಗೆ ತಿಳಿಯುತ್ತಿತ್ತೇ ಎಂದು ಕೇಳಿದರು.

ಸರ್ ಬಗ್ಗಿ ಪರದೆಯ ಮೇಲಿನ ಆ ಸಾಲನ್ನು ಓದಿದರು.

"ಇಲ್ರಿ," ಎಂದರು. "ನನಗೂ ತಿಳೀತಿದ್ದಿಲ್ಲ."