ಬಿಜ್ಜರಗಿಯ ಮೂವತ್ತು ಮಂದಿ

ಆಫ್ತಾಬ ಮೊಣಕೈವರೆಗೆ ಯಂತ್ರದ ಗಂಟಲಿಗೆ ಕೈ ತುರುಕಿ ಒಣದ್ರಾಕ್ಷಿಯ ಮುದ್ದೆಯೊಂದನ್ನು ಕಿತ್ತು ತೆಗೆದ. ಹಸಿ ಬೆಲ್ಲದ ಹಾಗೆ ಅದು ಬೆರಳುಗಳಿಗೆ ಮೆತ್ತಿಕೊಂಡಿತು. ಅಂಗಿಗೆ ಕೈ ಒರೆಸಿಕೊಂಡು ಮುದ್ದೆಯನ್ನು ನೆಲಕ್ಕೆ ಒಗೆದ.

“ಚಾಲೂ ಮಾಡು.”

ಯಂತ್ರ ನಡೆಸುವ ಯಲ್ಲಾಲಿಂಗ ಗುಂಡಿ ಒತ್ತಿದ. ಬಣ್ಣ ನೋಡಿ ಕಾಳು ಬೇರ್ಪಡಿಸುವ ಆ ಹೊಸ ಯಂತ್ರ ಎರಡು ನಿಮಿಷ ಗುರುಗುಟ್ಟಿ, ಕೆಂಪು ದೀಪ ಹಚ್ಚಿಕೊಂಡು ನಿಂತುಬಿಟ್ಟಿತು. ಬೆಳಗಿನಿಂದ ಇದು ಏಳನೆಯ ಸಲ.

“ಕಾಳಿಗೆ ಕಾಳ ಅಂಟಾಕತ್ತೈತ್ರಿ ಸಾಹೇಬ್ರ. ಪಾಪ, ಕ್ಯಾಮರಾರ ಏನ್ ಮಾಡಬೇಕ್ರಿ.”

“ಪಾಪ ಅನ್ನಾಕ ಅದೇನು ನಿನ್ನ ಮಗಳೇನ್ಲೇ?”

ಗೋಡೆಯ ಗಡಿಯಾರ ಹನ್ನೆರಡು ಹೊಡೆಯುತ್ತಿತ್ತು. ಮುಂಬೈ ವ್ಯಾಪಾರಿಯ ಲಾರಿ ಐದಕ್ಕೆ ಬರುವುದಿತ್ತು. ಇನ್ನೂ ಇನ್ನೂರು ಬಾಕ್ಸು ಮಾಲು ಹಾಗೇ ಬಿದ್ದಿತ್ತು. ನಾಳೆ ಕೊಡಲೇ ಎಂದು ಆಫ್ತಾಬ ಆಗಲೇ ಫೋನಿನಲ್ಲಿ ಕೇಳಿ ನೋಡಿದ್ದ. ಇವತ್ತು ಆಗದಿದ್ದರೆ ಬೇಡ, ಯಾವತ್ತಿನಂತೆ ಸಾಂಗ್ಲಿಯಿಂದಲೇ ತಗೋತೀನಿ ಎಂದು ಆ ಮನುಷ್ಯ ಫೋನು ಇಟ್ಟಿದ್ದ.

ಗಡಿಯಾಚೆಯ ಸಾಂಗ್ಲಿ ಪೇಟೆಯ ಹೆಸರು ಕೇಳಿದರೆ ಆಫ್ತಾಬನಿಗೆ ಮೈ ಉರಿಯುತ್ತಿತ್ತು. ಅವನ ಅಪ್ಪ ಇಸಾಕ ಮೂವತ್ತು ವರ್ಷ ಇಲ್ಲಿಯ ಮಾಲನ್ನು ಅಲ್ಲಿಗೆ ಹೊತ್ತು, ದಲಾಲರ ಕಟ್ಟೆಯ ಮೇಲೆ ಮಧ್ಯಾಹ್ನವೆಲ್ಲ ಕಾದು, ಅವರು ಹೇಳಿದ ದರಕ್ಕೆ ಕೊಟ್ಟು ಬಂದವನು. ಬಬಲೇಶ್ವರದ ಹಣ್ಣು, ತಿಕೋಟಾದ ಬಿಸಿಲು, ಡಬ್ಬಿಯ ಮೇಲೆ ಮಾತ್ರ ಅವರ ಹೆಸರು: ಬ್ಯಾಂಕಿನವರ ಮುಂದೆ, ಕೈಗಾರಿಕಾ ಇಲಾಖೆಯವರ ಮುಂದೆ ಆಫ್ತಾಬ ಇದನ್ನು ಹೇಳಿ ಹೇಳಿಯೇ ತಿಕೋಟಾ ರಸ್ತೆಯಲ್ಲಿ ಈ ಕಾರ್ಖಾನೆ ಎಬ್ಬಿಸಿದ್ದ. ಮೊದಲ ಸಲ ‘ತಿಕೋಟಾ, ವಿಜಯಪುರ’ ಎಂದು ಅಚ್ಚು ಹಾಕಿಸಿದ ಡಬ್ಬಿಗಳು ಮೂಲೆಯಲ್ಲಿ ಮಾಡಿನ ತನಕ ನಿಂತಿದ್ದವು. ಎಲ್ಲ ಖಾಲಿ.

ಬಾಗಿಲಲ್ಲಿ ಯಾರೋ ನಕ್ಕರು.

ಮಹಾನಂದಾ ನಿಂತಿದ್ದಳು, ಅವಳ ಹಿಂದೆ ಮುದುಕಿ ರೇಣವ್ವ. ಬಿಜ್ಜರಗಿಯಿಂದ ಮೂವತ್ತು ಹೆಂಗಸರನ್ನು ಕರೆತಂದು ಮೂರು ವರ್ಷ ಇಲ್ಲಿ ಕೈಯಿಂದ ಮಾಲು ಆರಿಸಿದ ಮುಕಾದಮಳು ಮಹಾನಂದಾ. ಕಳೆದ ಶುಕ್ರವಾರ ಆ ಮೂವತ್ತೂ ಮಂದಿ ಟಂಟಂ ಗಾಡಿಯಿಂದ ಇಳಿದಾಗ, ಮಷೀನು ಬಂದೈತಿ, ಕೆಲಸ ಇಲ್ಲ ಎಂದು ಗೇಟಿನಲ್ಲೇ ವಾಚಮನ್ನನ ಬಾಯಿಂದ ಹೇಳಿಸಿದ್ದಾಗಿತ್ತು. ಆಫ್ತಾಬ ಮಾಳಿಗೆಯ ಗಾಜಿನ ಹಿಂದೆ ನಿಂತು ನೋಡಿದ್ದ. ಕೆಳಗೆ ಇಳಿದಿರಲಿಲ್ಲ.

“ನಗಾಕ ಬಂದೀರೇನು?”

“ಸಾಣಿಗಿ ಒಯ್ಯಾಕ ಬಂದೇವ್ರಿ. ಅವು ನಮ್ಮವು. ನಗು ಪುಕ್ಕಟೆ ಸಿಕ್ತು,” ಎಂದಳು ಮಹಾನಂದಾ.

“ಏನ್ ಮಾಡೀರಿ ಈ ಮಾಲಿಗೆ? ಸಿಟ್ಟಿಗೆ ನೀರು ಹೊಡದೀರೇನು?”

“ಯಪ್ಪಾ, ಶುಕ್ರವಾರದಿಂದ ನಿನ್ನ ಗೇಟ ದಾಟಿಲ್ಲ ನಾವು. ನಿನ್ನ ನಾಯೀನರ ಕೇಳು, ವಾಚಮನ್ನನರ ಕೇಳು,” ಎಂದಳು ರೇಣವ್ವ.

ಮಹಾನಂದಾ ಬಗ್ಗಿ ನೆಲದ ಮೇಲಿನ ಮುದ್ದೆ ಎತ್ತಿಕೊಂಡು ಅಂಗೈಯಲ್ಲಿ ಉರುಳಿಸಿದಳು.

“ಕೋಲ್ಡ ಸ್ಟೋರೇಜಿನಿಂದ ಯಾವಾಗ ತಗದ್ರಿ?”

“ಮುಂಜಾನೆ ಏಳಕ್ಕ. ತಗದದ್ದ ಮಷೀನಿಗಿ ಹಾಕೇವಿ.”

“ಮತ್ತ ಬೆವರಲಾರದ ಏನ್ ಮಾಡೀತ್ರಿ? ಥಣ್ಣಗ ಇದ್ದ ಮಣೂಕದ ಕಾಳು ಈ ಬಿಸಲಿಗೆ ಬಂದ್ರ ಮೈತುಂಬ ನೀರು ಬಿಡತೈತಿ. ಒಂದು ರಾತ್ರಿ ಹೊರಗ ಆರಬೇಕು. ದಿನಾ ಸಂಜಿಮುಂದ ನಾಳಿನ ಬಾಕ್ಸು ತಗದು ಕಟ್ಟಿಮ್ಯಾಲೆ ಹಚ್ಚಿ ಹೋಗ್ತಿದ್ವಿ ನಾವು.”

“ಯಾರು ಹೇಳಿದ್ರು ನಿಮಗ?”

“ಯಾರೂ ಹೇಳಿಲ್ರಿ, ಕೈಗೆ ಗೊತ್ತಾತು. ಅದಕ್ಕ ನಿಮಗ ಗೊತ್ತಾಗಿಲ್ಲ.”

ಆ ಸಂಜೆಗಳನ್ನು ಆಫ್ತಾಬ ಕಂಡಿದ್ದ. ಟಂಟಂ ಬರುವ ತನಕ ಹೊತ್ತು ಕಳೆಯಲು ಈ ಹೆಂಗಸರು ಬಾಕ್ಸುಗಳನ್ನು ಅತ್ತಿತ್ತ ಇಡುತ್ತಾರೆ ಎಂದುಕೊಂಡಿದ್ದ. ಮಾಲು ಹೊರಗೆ ಬಿಟ್ಟು ಹೋಗುತ್ತೀರಾ ಎಂದು ಒಮ್ಮೆ ಬೈದೂ ಇದ್ದ.

“ಈಗ ಹೊರಗಿಟ್ರ?”

“ನಾಳಿ ಮುಂಜಾನೆಗೆ ಆರತೈತ್ರಿ. ಇವತ್ತ ಬೇಕಂದ್ರ ಕೈಲೆ ಬಿಡಸಬೇಕು, ಒಂದೊಂದ ಕಾಳು.”

ಅವನು ಬಾಕ್ಸುಗಳನ್ನು ನೋಡಿದ, ಗಡಿಯಾರ ನೋಡಿದ. ದನಿ ಇಳಿಸಿದ. “ಅಕ್ಕಾರ, ನೀವು ಇಲ್ಲೇ ಸೂಪರವೈಜರ ಆಗ್ರಿ. ತಿಂಗಳ ಪಗಾರ, ಪಿಎಫ್, ಕೊಳ್ಳಾಗ ಕಾರ್ಡು. ಇವತ್ತ ಮಂದಿ ಕರಸ್ರಿ.”

“ನನ್ನ ಕೊಳ್ಳಾಗ ಕಾರ್ಡು. ಮಂದಿಗೆ?”

“ಇವತ್ತಿನ ದಿನ ಡಬಲ್ ಪಗಾರ.”

ರೇಣವ್ವ ಮೆಲ್ಲಗೆ ಅವಳ ಸೆರಗು ಜಗ್ಗಿದಳು. “ಒಂದು ದಿನ ಮಾಡಿದ್ರ ಏನಾತು ಬೇ? ಡಬಲ್ ಅಂತಾನ.”

“ಮಾಡಿ ಸಂಜಿಕ ಮತ್ತ ವಾಚಮನ್ ಕೈಲೆ ಹೊರಗ ಹಾಕಿಸ್ಕೋಬೇಕೇನು? ನಾಳಿಂದ ಕೆಲಸ ಐತಿ ನಮಗ.” ಮಹಾನಂದಾ ಆಫ್ತಾಬನ ಕಡೆ ತಿರುಗಿದಳು. “ಊರಾಗ ಹೊಸಾ ಶೆಡ್ಡ ಎದ್ದೈತ್ರಿ. ಮೂವತ್ತೂ ಮಂದೀನ ಕರದಾರ.”

“ಯಾರದು ಶೆಡ್ಡು?”

“ಸಾಂಗ್ಲಿಯವರದು.”

ಯಲ್ಲಾಲಿಂಗ ಕೆಮ್ಮಿದಂತೆ ಮಾಡಿ ಯಂತ್ರದ ಹಿಂದೆ ಸರಿದ.

“ನಾಚಿಕಿ ಬರೂದಿಲ್ಲೇನು?” ಆಫ್ತಾಬ ಮೂಲೆಯ ಡಬ್ಬಿಗಳ ಕಡೆ ಕೈ ಮಾಡಿದ. “ನಮ್ಮ ಊರಿನ ಹೆಸರು ಉಳಿಸಾಕ ನಾ ಮನಿ ಒತ್ತಿ ಹಾಕೇನಿ. ನೀವು ಹೋಗಿ ಅವರ ಡಬ್ಬಿ ತುಂಬ್ತೀರಿ.”

“ಊರಿನ ಹೆಸರು ನಿಮ್ಮ ಡಬ್ಬಿಮ್ಯಾಲೆ ಐತ್ರಿ. ಊರಿನ ಮಂದಿ ಅವತ್ತ ಗೇಟಿನ ಹೊರಗ ಬಿಸಲಾಗ ನಿಂತಿದ್ರು. ನೀವು ಗಾಜಿನ್ಯಾಗಿಂದ ನೋಡಾಕತ್ತಿದ್ರಿ. ನಾವೂ ನಿಮ್ಮನ್ನ ನೋಡಿದ್ವಿ.”

ಅವಳು ಸಾಣಿಗೆಗಳನ್ನು ಎತ್ತಿಕೊಂಡು ಬಾಗಿಲ ಕಡೆ ತಿರುಗಿದಳು. ಐದು ತಾಸು, ಮೂವತ್ತು ಮಂದಿ ಕೂತರೆ ಇನ್ನೂರು ಬಾಕ್ಸು ಮುಗಿಯುತ್ತದೆ ಎಂದು ಮಾತ್ರ ಆಫ್ತಾಬನ ತಲೆ ಒಂದೇ ಸಮ ಹೇಳುತ್ತಿತ್ತು. ಹೋಗುತ್ತಿದ್ದವಳ ದಾರಿಗೆ ಅಡ್ಡ ನಿಂತ.

“ಮೂವತ್ತೂ ಮಂದಿ. ವರ್ಷಪೂರ್ತಿ. ಇವತ್ತಿಂದ. ಬೇಕಂದ್ರ ಈಗ ಬರದು ಸಹಿ ಮಾಡಿ ಕೊಡ್ತೇನಿ, ಯಲ್ಲಾಲಿಂಗ ಸಾಕ್ಷಿ. ಮಷೀನಿಗೆ ತಾಡಪತ್ರಿ ಹೊದಸ್ತೇನಿ. ಏನಂತೀರಿ?”

ರೇಣವ್ವ ಮಹಾನಂದಾಳ ಮುಖ ನೋಡಿದಳು.

“ಒಲ್ಲೆವ್ರಿ,” ಎಂದಳು ಮಹಾನಂದಾ. “ನಾಳಿ ಮಾಲು ಆರಿದ್ರ ತಾಡಪತ್ರಿ ತಗೀತೀರಿ.”